ನಾಲ್ಕನೇ ಜ್ವರ, ಎಂಟನೇ ತರಗತಿ

ನವೆಂಬರ್ 18, 2025, ಮಂಗಳವಾರ
ಶಿಡ್ಲಘಟ್ಟ ತಾಲ್ಲೂಕು

ಎಂಟನೇ ತರಗತಿಯ ಆ ಹುಡುಗಿ ಇಂದೂ ಬರಲಿಲ್ಲ. ಮನೆಯಲ್ಲಿ ರೇಷ್ಮೆಹುಳು ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆಯಿಂದ, ಎದ್ದಿವೆ ಎಂದು ಪಕ್ಕದ ಮನೆಯ ಹುಡುಗ ಹೇಳಿದಾಗಲೇ, ಇನ್ನೊಂದು ವಾರ ಅವಳನ್ನು ನಿರೀಕ್ಷಿಸುವಂತಿಲ್ಲ ಎಂಬುದು ಸ್ಪಷ್ಟವಾಯಿತು. ರೇಷ್ಮೆಹುಳು ತನ್ನ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಈ ಕೊನೆಯ ಏಳೆಂಟು ದಿನಗಳಲ್ಲೇ ತಿನ್ನುವುದರಿಂದ, ಮನೆಯಲ್ಲಿ ಎಷ್ಟು ಕೈಗಳಿದ್ದರೂ ಸಾಲುವುದಿಲ್ಲ. ಆದರೆ ಎಂಟನೇ ತರಗತಿಯ ಮಕ್ಕಳು ವಿದ್ಯಾರ್ಥಿವೇತನಕ್ಕಾಗಿ ಬರೆಯುವ ಎನ್‌ಎಂಎಂಎಸ್ ಪರೀಕ್ಷೆಯೂ ಹತ್ತಿರ ಬಂದಿದೆ.

ಸಂಜೆ ಅವರ ಹುಳದ ಮನೆಗೇ ಹೋದೆ. ತಾಯಿ ಸೊಪ್ಪು ಹರಡುವುದನ್ನು ನಿಲ್ಲಿಸದೆ ಕೇಳಿದರು: "ಮೇಷ್ಟ್ರೇ, ಆ ಪರೀಕ್ಷೆ ಪಾಸಾದ್ರೆ ದುಡ್ಡು ಯಾರ ಖಾತೆಗೆ ಬರುತ್ತೆ?"

ಮಗಳ ಖಾತೆಗೇ ಬರುತ್ತದೆ, ವರ್ಷಕ್ಕೆ 12,000 ರೂಪಾಯಿ, ಒಂಬತ್ತನೇ ತರಗತಿಯಿಂದ ಎರಡನೇ ಪಿಯುಸಿವರೆಗೆ ನಾಲ್ಕು ವರ್ಷ ಎಂದೆ. ಅವರ ಕೈ ಅಲ್ಲಿಗೆ ನಿಂತಿತು. "ಅಂದ್ರೆ ಪಿಯುಸಿವರೆಗೂ ಓದಿಸ್ಲೇಬೇಕಾ?"

"ಓದಿಸಲೇಬೇಕಮ್ಮ, ನಡುವೆ ಬಿಟ್ಟರೆ ಅದೂ ನಿಲ್ಲುತ್ತದೆ" ಎಂದೆ. ಹುಡುಗಿ ಮಾತಾಡದೆ ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಹತ್ತನೇ ತರಗತಿಯ ಆಚೆಗೆ ಈ ಮಗಳ ಓದಿನ ಪ್ರಸ್ತಾಪ ಆ ಮನೆಯಲ್ಲಿ ಬಂದದ್ದು ಬಹುಶಃ ಇದೇ ಮೊದಲು. ಈ ವಿದ್ಯಾರ್ಥಿವೇತನ ನನಗೆ ಮುಖ್ಯವೆನಿಸುವುದು ಇದಕ್ಕಾಗಿಯೇ: ಹೆಣ್ಣುಮಗುವಿನ ಮುಂದಿನ ನಾಲ್ಕು ವರ್ಷಗಳನ್ನು ಅದು ಹೆತ್ತವರ ಲೆಕ್ಕದೊಳಗೆ ತಂದು ನಿಲ್ಲಿಸುತ್ತದೆ.

ಅವಳು ಬುದ್ಧಿವಂತೆ, ಅದರಲ್ಲಿ ನನಗೆ ಸಂಶಯವಿಲ್ಲ. ಬೌದ್ಧಿಕ ಸಾಮರ್ಥ್ಯದ 90 ಪ್ರಶ್ನೆಗಳಲ್ಲಿ ಸಂಖ್ಯಾಸರಣಿಯನ್ನೂ ದರ್ಪಣ ಬಿಂಬವನ್ನೂ ಎಲ್ಲರಿಗಿಂತ ಮೊದಲು ಬಿಡಿಸುತ್ತಾಳೆ. ವಿಷಯಜ್ಞಾನದ ಇನ್ನೊಂದು 90ರಲ್ಲಿ ವಿಜ್ಞಾನ ಸುಲಭ, ಗಣಿತ ಪರವಾಗಿಲ್ಲ; ಸಮಾಜ ವಿಜ್ಞಾನದ ಪ್ರಶ್ನೆಗಳಲ್ಲಿ ಮಾತ್ರ ಭಾಷೆ ತೊಡಕಾಗುತ್ತದೆ, ಏಕೆಂದರೆ ಮನೆಯಲ್ಲಿ ಆಡುವುದು ತೆಲುಗು, ಪುಸ್ತಕದ ಕನ್ನಡ ಅವಳಿಗೆ ಶಾಲೆಯಲ್ಲಷ್ಟೇ ಸಿಗುತ್ತದೆ. ಓಎಂಆರ್ ಹಾಳೆಯಲ್ಲಿ ವೃತ್ತ ತುಂಬುವುದನ್ನೂ ಕಲಿಸಬೇಕಾಗುತ್ತದೆ ಎಂದರೆ ಪಟ್ಟಣದ ಪೋಷಕರು ನಂಬಲಾರರು. ಉತ್ತರ ಗೊತ್ತಿದ್ದೂ ಸಾಲು ತಪ್ಪಿ ಗುರುತು ಹಾಕಿದ ಮಗುವಿನ ಮುಖ ನೋಡಿದವರಿಗೆ ಅದರ ಅಗತ್ಯ ತಿಳಿಯುತ್ತದೆ.

ನಮ್ಮ ಶಾಲೆ ಎಂಟನೇ ತರಗತಿಗೇ ಮುಗಿಯುವುದರಿಂದ ಜೂನ್‌ನ ಚಿಂತೆ ಬೇರೆಯೇ ಇದೆ. ಇಲ್ಲಿ ಒಂದನೇ ತರಗತಿಯಿಂದ ಹೆಸರು ಹಿಡಿದು ಕರೆಸಿಕೊಂಡ ಮಕ್ಕಳು, ಬಸ್ ಹತ್ತಿ ಶಿಡ್ಲಘಟ್ಟದ ಪ್ರೌಢಶಾಲೆಗೆ ಹೋದಾಗ, ವಿಷಯಕ್ಕೊಬ್ಬರಂತೆ ಬರುವ ಶಿಕ್ಷಕರ ಮುಂದೆ ಕೈಯೆತ್ತಿ ಪ್ರಶ್ನೆ ಕೇಳುವಷ್ಟು ಧೈರ್ಯ ಅವರಲ್ಲಿರಬೇಕು. ಆ ಧೈರ್ಯವನ್ನು ಯಾವ ಪರೀಕ್ಷೆಯೂ ಅಳೆಯುವುದಿಲ್ಲ, ಆದರೂ ಅದನ್ನು ಬೆಳೆಸುವುದು ನಮ್ಮದೇ ಕೆಲಸ. ಈ ಸಲ ಫೆಬ್ರವರಿಯಲ್ಲಿ ಎಲ್ಲರನ್ನೂ ಒಂದು ದಿನ ಅಲ್ಲಿಗೆ ಕರೆದೊಯ್ದು ತರಗತಿಯಲ್ಲಿ ಕೂರಿಸಬೇಕೆಂದು ಮುಖ್ಯಶಿಕ್ಷಕರಲ್ಲಿ ಕೇಳಿದ್ದೇನೆ.

ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ತಟ್ಟೆಗೆ ಬಿಟ್ಟ ಮರುದಿನವೇ ಕಳಿಸುತ್ತೇನೆ ಎಂದು ತಾಯಿ ಮಾತು ಕೊಟ್ಟಿದ್ದಾರೆ. ಅಲ್ಲಿಯವರೆಗೆ ದಿನಕ್ಕೊಂದು ಪ್ರಶ್ನೆಪತ್ರಿಕೆಯನ್ನು ಪಕ್ಕದ ಮನೆಯ ಹುಡುಗನ ಕೈಯಲ್ಲಿ ಕಳಿಸಬಹುದು. ಆದರೆ ಅವನ ಮನೆಯಲ್ಲೂ ಹುಳು ಮೂರನೇ ಜ್ವರಕ್ಕೆ ಕೂತಿವೆಯಂತೆ, ಹಾಗಾದರೆ ಇವಳು ಬರುವ ಹೊತ್ತಿಗೆ ಅವನು ಮನೆಯಲ್ಲೇ ಉಳಿಯಬಹುದು.