ಚಾಸಿ ಮಾತ್ರ ಮಾರಿದ ಕಂಪನಿ

ಅಪ್ಪ ಹುಬ್ಬಳ್ಳಿಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಅಮೆರಿಕಕ್ಕೆ ಬಂದಾಗ ನಯಾಗರಾ ನೋಡಿ "ಚಲೋ ಐತಿ" ಅಂದು ಸುಮ್ಮನಾದರು. ಇವರಿಗೆ ಬೇಕಾದದ್ದು ನೀರಲ್ಲ, ಇಂಜಿನ್ ಅನ್ನಿಸಿ ಇಂಡಿಯಾನಾದ ಆಬರ್ನ್ ಊರಿಗೆ ಕರೆದುಕೊಂಡು ಹೋದೆ. ಆಬರ್ನ್ ಕಾರ್ ಕಂಪನಿಯ 1930ರ ಶೋರೂಮೇ ಈಗ ಅಲ್ಲಿ ಮ್ಯೂಸಿಯಂ. ಅದರ ಸೋದರ ಕಂಪನಿ ಡ್ಯೂಸೆನ್‌ಬರ್ಗ್‌ನ ಕಾರುಗಳೂ ಅಲ್ಲೇ ನಿಂತಿವೆ.

ಫ್ರೆಡ್ ಮತ್ತು ಆಗಸ್ಟ್ ಡ್ಯೂಸೆನ್‌ಬರ್ಗ್ ಜರ್ಮನಿಯಿಂದ ವಲಸೆ ಬಂದ ಅಣ್ಣತಮ್ಮಂದಿರು. 1921ರಲ್ಲೇ ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್ ಬ್ರೇಕ್ ಕೊಟ್ಟವರು. ಅದೇ ವರ್ಷ ಇವರ ಕಾರು ಫ್ರೆಂಚ್ ಗ್ರಾಂಡ್ ಪ್ರಿ ರೇಸ್ ಗೆದ್ದಿತು. ವ್ಯಾಪಾರ ಮಾತ್ರ ಇಬ್ಬರಿಗೂ ಒಗ್ಗಲಿಲ್ಲ. 1926ರಲ್ಲಿ ಆಬರ್ನ್ ಕಂಪನಿ ನಡೆಸುತ್ತಿದ್ದ ಇ. ಎಲ್. ಕಾರ್ಡ್ ಇವರ ಕಂಪನಿ ಕೊಂಡು, ಜಗತ್ತಿನಲ್ಲೇ ಅತ್ಯುತ್ತಮ ಕಾರು ಮಾಡಿ ಅಂದ. 1928ರ ಕೊನೆಗೆ ಮಾಡೆಲ್ ಜೆ ಬಂತು. 265 ಹಾರ್ಸ್‌ಪವರ್! ಚಾಸಿಗೇ, ಅಂದರೆ ಇಂಜಿನ್, ಚಕ್ರ ಇರುವ ಬರೀ ಅಡಿಗಟ್ಟಿಗೇ, 8,500 ಡಾಲರ್. ಬಾಡಿ ಬೇರೆ ಕಡೆ ಕಟ್ಟಿಸಿಕೊಳ್ಳಬೇಕು.

"ಅಂದ್ರ ನಮ್ಮ ಲಾರಿ ಇದ್ದಂಗ" ಅಂದರು ಅಪ್ಪ. ಆಮೇಲೆ ಬಗ್ಗಿ ಕಾರಿನಡಿ ಇಣುಕಿದರು. "ಇದಕ್ಕ ಗ್ರೀಸ್ ಯಾರು ಹೊಡೀತಿದ್ರೋ?"

ಇಷ್ಟು ಮೈಲಿ ಓಡಿದರೆ ಚಾಸಿಗೆ ತಾನೇ ಎಣ್ಣೆ ಬಿಟ್ಟುಕೊಳ್ಳುವ ಪಂಪ್ ಇದೆ, ಆಯಿಲ್ ಬದಲಿಸೋ ಹೊತ್ತಿಗೆ ಡ್ಯಾಶ್‌ಬೋರ್ಡ್‌ನಲ್ಲಿ ದೀಪ ಹತ್ತುತ್ತದೆ ಅಂದೆ. ಅಪ್ಪ ನಂಬಲಿಲ್ಲ. ಡ್ಯಾಶ್‌ಬೋರ್ಡ್‌ನ ಒಂದೊಂದೇ ಮೀಟರ್ ಓದಿಸಿಕೊಂಡರು. ಎತ್ತರ ತೋರಿಸುವ ಮೀಟರ್ ಬಂದಾಗ "ಇದೇನು ವಿಮಾನೇನು?" ಅಂದರು.

1929ರ ಆರ್ಥಿಕ ಕುಸಿತವೇ ಈ ಕಂಪನಿಯನ್ನು ಮುಳುಗಿಸಿತು ಅನ್ನುತ್ತಾರೆ. ಅದು ಅರ್ಧ ಸತ್ಯ ಅಂತ ನನಗನ್ನಿಸುತ್ತದೆ. ಇನ್ನೊಂದು ದುಬಾರಿ ಕಾರಿನ ಕಂಪನಿ ಪ್ಯಾಕರ್ಡ್ ಅಗ್ಗದ ಕಾರೂ ಮಾಡಿ 1958ರವರೆಗೆ ಉಸಿರು ಹಿಡಿಯಿತು. ಇವರ ಹತ್ತಿರ ಅಗ್ಗದ್ದೇನೂ ಇರಲಿಲ್ಲ. 1932ರಲ್ಲಿ ಕಾರು ಅಪಘಾತದ ನಂತರ ಫ್ರೆಡ್ ತೀರಿಕೊಂಡರು. 1937ರಲ್ಲಿ ಕಾರ್ಡ್‌ನ ಸಾಮ್ರಾಜ್ಯ ಕುಸಿದಾಗ ಇದೂ ಮುಚ್ಚಿತು. ಮಾಡೆಲ್ ಜೆ ಮಾರಾಟವಾಗಿದ್ದು ಒಟ್ಟು 480ರ ಆಸುಪಾಸು, ಅಷ್ಟೇ.

ವಾಪಸ್ ಬರುವಾಗ ಇಂದೋರಿನ ಮಹಾರಾಜ ಯಶವಂತರಾವ್ ಹೋಳ್ಕರ್ ಕೂಡ ಒಂದು ಡ್ಯೂಸೆನ್‌ಬರ್ಗ್ ತರಿಸಿಕೊಂಡಿದ್ದ, ಬಾಡಿ ಕಟ್ಟಿದ್ದು ಇಂಗ್ಲೆಂಡಿನ ಗರ್ನಿ ನಟಿಂಗ್ ಕಂಪನಿ ಅಂತ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಯೋಚಿಸಿದರು.

"ಅಲ್ಲೋ, ಇಂದೋರದಾಗ ಸ್ಪೇರ್ ಪಾರ್ಟ್ ಎಲ್ಲಿ ಸಿಗ್ತಿತ್ತು?"