ರೊಟ್ಟಿ ಬಡಿಯುವ ಕೈ, ಕೀಲಿಮಣೆಯ ಕೈ

ಎರಡು ವರ್ಷಗಳ ಹಿಂದೆ ನಮ್ಮ ಕಚೇರಿಗೆ ಹೊಸ ಕುರ್ಚಿಗಳು ಬಂದಾಗ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವಳು ನಾನು. ವ್ಯಾಪಾರಿಗಳ ಲೆಕ್ಕ ಬರೆದು, ಜಿಎಸ್‌ಟಿ ಮತ್ತು ಆದಾಯ ತೆರಿಗೆಯ ರಿಟರ್ನ್ ಸಲ್ಲಿಸುವ ಹದಿನಾರು ಜನರ ಸಣ್ಣ ಕಚೇರಿ ನಮ್ಮದು. ಅದರ ಆಡಳಿತದ ಹೊಣೆ ನನ್ನ ಮೇಲಿದೆ. ಬೆನ್ನಿಗೆ ಜಾಲರಿ, ತೋಳಿಗೆ ಆಸರೆ, ಎತ್ತರವನ್ನು ಏರಿಳಿಸುವ ಹಿಡಿಕೆ ಇರುವ ಆ ಕುರ್ಚಿಗಳಿಗಾಗಿ ನಾನು ಎಂಟು ತಿಂಗಳು ಮಾಲೀಕರ ಬೆನ್ನು ಹತ್ತಿದ್ದೆ. ಕುರ್ಚಿ ಬಂದು ವಾರ ಕಳೆದಿತ್ತು. ವೋಚರ್ ನಮೂದಿಸುವ ಹುಡುಗಿಯೊಬ್ಬಳು ಹತ್ತಿರ ಬಂದು ಮೆಲ್ಲಗೆ ಹೇಳಿದಳು: “ಅಕ್ಕಾರೆ, ಕುರ್ಚಿ ಛಲೋ ಅದ. ಖರೆ ಕಾಲು ನೆಲಕ್ಕ ಮುಟ್ಟಂಗಿಲ್ಲ.”

ಅಂದು ಸಂಜೆ ಹೊಲಿಗೆಯ ಟೇಪು ತಂದು ಅವಳನ್ನು ಅಳೆದೆ. ಅವಳ ಎತ್ತರ ಐದು ಅಡಿಗೆ ಒಂದು ಬೆರಳು ಕಡಿಮೆ. ಪಾದ ನೆಲಕ್ಕೆ ಊರಿ ಕುಳಿತರೆ ಮೊಣಕಾಲಿನ ಹಿಂಬದಿ ನೆಲದಿಂದ 15 ಇಂಚು, ಮೊಣಕೈ 23 ಇಂಚು. ನಮ್ಮ ಮೇಜುಗಳ ಎತ್ತರವೋ 30 ಇಂಚು. ಕೀಲಿಮಣೆ ಮೊಣಕೈಯ ಮಟ್ಟದಲ್ಲಿ ಅಥವಾ ಅದಕ್ಕಿಂತ ತುಸು ಕೆಳಗೆ ಇರಬೇಕಾದಲ್ಲಿ, ಅವಳ ಪಾಲಿಗೆ ಅದು ಏಳು ಇಂಚು ಮೇಲಿತ್ತು. ಕುರ್ಚಿಯನ್ನು ಇಳಿಸಿದರೆ ಹೆಗಲು ಕಿವಿಯ ಕಡೆಗೆ ಏರುತ್ತಿದ್ದವು; ಏರಿಸಿದರೆ ಕಾಲು ಜೋತುಬಿದ್ದು, ಆಸನದ ಮುಂದಿನ ಅಂಚು ತೊಡೆಯ ಅಡಿಭಾಗವನ್ನು ಒತ್ತಿ, ಮಧ್ಯಾಹ್ನದ ಹೊತ್ತಿಗೆ ಪಾದ ಜೋಮು ಹಿಡಿಯುತ್ತಿತ್ತು. ದುಬಾರಿ ಕುರ್ಚಿ ತಂದಿದ್ದ ನಾನು, ಅದರ ಮೇಲೆ ಕೂರುವವರನ್ನು ಒಮ್ಮೆಯೂ ಅಳೆದಿರಲಿಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ಭಾರತೀಯರ ದೇಹದ ಅಳತೆಗಳನ್ನು ಕಲೆಹಾಕಿ 1997ರಷ್ಟು ಹಿಂದೆಯೇ ಪ್ರಕಟಿಸಿದೆ. ಆದರೂ ಪೀಠೋಪಕರಣದ ಅಂಗಡಿಗಳಲ್ಲಿ ನಮಗೆ ಸಿಗುವ ಮೇಜು ಇಂದಿಗೂ 30 ಇಂಚಿನದೇ ಆಗಿದೆ.

ಮರದ ಮೇಜುಗಳ ಕಾಲುಗಳನ್ನು ಬಡಿಗರನ್ನು ಕರೆಸಿ ಕೊಯ್ಯಿಸಿದೆವು. ಕಬ್ಬಿಣದ ಚೌಕಟ್ಟಿನವನ್ನು ಕೊಯ್ಯಲಾಗಲಿಲ್ಲವಾದ್ದರಿಂದ ಅಲ್ಲಿ ಕುರ್ಚಿಯನ್ನು ಏರಿಸಿ, ಕಾಲಡಿಗೆ ಮನೆಯಲ್ಲಿ ಊಟಕ್ಕೆ ಕೂರುವಂಥ ಮರದ ಮಣೆಗಳನ್ನು ಇಟ್ಟೆವು. ಇಷ್ಟಕ್ಕೆಲ್ಲ ತಗುಲಿದ ಖರ್ಚು ಎರಡು ಕುರ್ಚಿಗಳ ಬೆಲೆಗಿಂತ ಕಡಿಮೆ.

ಎರ್ಗೊನಾಮಿಕ್ಸ್ ಎಂದರೆ ಕುರ್ಚಿಯ ಮೇಲೆ ಅಂಟಿಸುವ ಒಂದು ಚೀಟಿ ಎಂದೇ ನಾನೂ ಭಾವಿಸಿದ್ದೆ. ದುಡಿಯುವವರ ದೇಹಕ್ಕೆ ದುಡಿಮೆಯನ್ನು ಹೊಂದಿಸುವುದು ಅದರ ನಿಜವಾದ ಅರ್ಥ. ನಾವು ಸಾಮಾನ್ಯವಾಗಿ ಮಾಡುವುದು ಇದರ ತಿರುವುಮುರುವು. ಈ ತಿಳಿವಳಿಕೆ ಹೊಸದೂ ಅಲ್ಲ. 18ನೆಯ ಶತಮಾನದ ಆರಂಭದಲ್ಲಿಯೇ ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜ್ಜಿನಿ ಬರಹಗಾರ ಗುಮಾಸ್ತರ ಬಾಧೆಗಳಿಗೆ ಮೂರು ಕಾರಣಗಳನ್ನು ಗುರುತಿಸಿದ್ದರು: ಸದಾ ಕುಳಿತಿರುವುದು, ಕೈಯನ್ನು ಬಿಡುವಿಲ್ಲದೆ ಒಂದೇ ಬಗೆಯಲ್ಲಿ ಆಡಿಸುವುದು, ಲೆಕ್ಕ ತಪ್ಪೀತೆಂಬ ಮನಸ್ಸಿನ ಬಿಗುವು. ಲೇಖನಿಯ ಜಾಗದಲ್ಲಿ ಕೀಲಿಮಣೆ ಬಂದಿರುವುದನ್ನು ಬಿಟ್ಟರೆ ಇದು ನಮ್ಮ ಕಚೇರಿಯ ವರ್ಣನೆಯೇ ಆಗಿದೆ.

ನನ್ನ ತಂದೆಯವರೂ ಗುಮಾಸ್ತರೇ. ಕಲಬುರಗಿಯ ನೆಹರು ಗಂಜಿನ ಅಡತಿ ಅಂಗಡಿಯೊಂದರಲ್ಲಿ ಗಾದಿಯ ಮೇಲೆ ಲೋಡಿಗೆ ಒರಗಿ, ಮುಂದೆ ಇಳಿಜಾರಾದ ಗಿಡ್ಡ ಡೆಸ್ಕು ಇಟ್ಟುಕೊಂಡು, ದಿನವಿಡೀ ಖಾತೆ ಬರೆಯುತ್ತಿದ್ದರು. ಆ ಡೆಸ್ಕಿನ ಇಳಿಜಾರಿನಿಂದಾಗಿ ಪುಸ್ತಕ ಕಣ್ಣಿನತ್ತ ಎದ್ದು ಬರುತ್ತಿತ್ತು, ಕುತ್ತಿಗೆ ಅಷ್ಟಾಗಿ ಬಾಗುತ್ತಿರಲಿಲ್ಲ. ಅದಕ್ಕಿಂತ ಮುಖ್ಯವಾದುದು, ತೊಗರಿಯ ಚೀಲಗಳು ಬಂದಿಳಿದಾಗಲೆಲ್ಲ ಅವರು ಏಳಬೇಕಿತ್ತು. ತೂಕ ನೋಡಬೇಕಿತ್ತು, ಹಮಾಲರೊಡನೆ ಮಾತಾಡಬೇಕಿತ್ತು, ರೈತರಿಗೆ ಪಟ್ಟಿ ಕೊಡಬೇಕಿತ್ತು. ಕೆಲಸವೇ ಅವರನ್ನು ಎಬ್ಬಿಸುತ್ತಿತ್ತು. ನಮ್ಮ ಕೆಲಸ ನಮ್ಮನ್ನು ಎಬ್ಬಿಸುವುದಿಲ್ಲ. ಬಿಲ್ಲು ಪರದೆಯ ಮೇಲೆಯೇ ಬರುತ್ತದೆ, ಫೋನು ಮೇಜಿನ ಮೇಲೆಯೇ ಇದೆ, ಪಕ್ಕದವರಿಗೂ ವಾಟ್ಸಾಪ್ ಸಂದೇಶವನ್ನೇ ಕಳಿಸುತ್ತೇವೆ. ಒಂದೇ ಭಂಗಿಯಲ್ಲಿ ಬಿಗಿಹಿಡಿದ ಸ್ನಾಯುವಿಗೆ ರಕ್ತದ ಹರಿವು ತಗ್ಗುತ್ತದೆ. ಬೆನ್ನುಮೂಳೆಯ ನಡುವಿನ ಡಿಸ್ಕುಗಳಿಗಂತೂ ಬಹುಮಟ್ಟಿಗೆ ಸ್ವಂತ ರಕ್ತನಾಳಗಳೇ ಇಲ್ಲ. ಸುತ್ತಲಿನ ಭಾಗಗಳಿಂದ ಇಂಗಿ ಬರುವ ಪೋಷಣೆಯೇ ಅವುಗಳಿಗೆ ಆಧಾರವಾದ್ದರಿಂದ ಮೈ ಅಲುಗಾಡುತ್ತಿರಬೇಕು. ಹೀಗಾಗಿ ಎಷ್ಟೇ ಸರಿಯಾದ ಭಂಗಿಯೂ ಎರಡು ತಾಸು ಕದಲದೆ ಉಳಿದರೆ ತಪ್ಪು ಭಂಗಿಯೇ ಆಗುತ್ತದೆ. ಈ ಮಾತು ಮನಸ್ಸಿಗೆ ನಾಟಿದ ಮೇಲೆ ನಾನು ಪ್ರತಿ ಮೇಜಿನ ಮೇಲಿದ್ದ ನೀರಿನ ಬಾಟಲಿಗಳನ್ನು ತೆಗೆಸಿ, ಒಳಕೋಣೆಯ ಮೂಲೆಯಲ್ಲಿ ಮಣ್ಣಿನ ಹರವಿ ಇರಿಸಿದೆ. ಮೊದಲ ವಾರ ಎಲ್ಲರೂ ಗೊಣಗಿದರು. ಏಪ್ರಿಲ್ ಬಿಸಿಲು ಏರಿದಂತೆ ಗಂಟೆಗೊಮ್ಮೆ ಏಳುವುದು ತಾನಾಗಿ ರೂಢಿಯಾಯಿತು.

ಕಷ್ಟದ ಭಾಗ ಬೇರೆಯೇ ಇದೆ. ನಮ್ಮಲ್ಲಿ ಐದು ಜನ 2020ರ ಲಾಕ್‌ಡೌನ್ ಕಾಲದಿಂದ ಮನೆಯಿಂದಲೇ ಕೆಲಸ ಮಾಡುತ್ತಾರೆ. ಅವರಿಗೆ ಲ್ಯಾಪ್‌ಟಾಪ್ ಕೊಟ್ಟೆವು, ಇಂಟರ್ನೆಟ್ಟಿನ ಹಣ ಕೊಟ್ಟೆವು. ಎಲ್ಲಿ ಕೂರುತ್ತಾರೆಂದು ಕೇಳಲಿಲ್ಲ. ಕೇಳಿದಾಗಲೂ “ಎಲ್ಲಾ ಆರಾಮ ಅದರಿ” ಎಂಬ ಉತ್ತರವೇ ಬಂತು. ನೋವೆಂದರೆ ಕೆಲಸ ಹೋದೀತೆಂಬ ಅಂಜಿಕೆ ಅದರ ಹಿಂದಿತ್ತು. ಆದ್ದರಿಂದ ಅವರ ಒಪ್ಪಿಗೆ ಪಡೆದು ಒಬ್ಬೊಬ್ಬರ ಮನೆಗೂ ಹೋಗಿ ಬಂದೆ.

ಅಲ್ಲಿ ಕಂಡದ್ದು ಯಾವ ಕೈಪಿಡಿಯಲ್ಲಿಯೂ ಇರಲಿಲ್ಲ. ನಮ್ಮ ಭಾಗದಲ್ಲಿ ಬೇಸಿಗೆಯ ನಾಲ್ಕು ತಿಂಗಳು ಮನುಷ್ಯ ಎಲ್ಲಿ ಕೂರಬೇಕೆಂಬುದನ್ನು ನಿರ್ಧರಿಸುವುದು ಫ್ಯಾನು. ಮೇಜು ಕಿಟಕಿಯ ಬಳಿ ಇದ್ದರೂ ಫ್ಯಾನು ಮಂಚದ ಮೇಲಿದ್ದರೆ ಕೆಲಸ ಮಂಚದ ಮೇಲೆಯೇ ನಡೆಯುತ್ತದೆ. ಕೂಲರ್ ಹಾಲಿನಲ್ಲಿದ್ದರೆ ಶಹಾಬಾದ ಕಲ್ಲಿನ ತಣ್ಣನೆಯ ನೆಲದ ಮೇಲೆ, ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ನಡೆಯುತ್ತದೆ. ನೆಲದ ಮೇಲೆ ಕೂರುವುದು ತಪ್ಪೆಂದು ನಾನು ಹೇಳಲಾರೆ. ಆದರೆ ಲ್ಯಾಪ್‌ಟಾಪಿನಲ್ಲಿ ಪರದೆಯೂ ಕೀಲಿಮಣೆಯೂ ಒಂದಕ್ಕೊಂದು ಅಂಟಿಕೊಂಡಿರುವುದರಿಂದ, ಕೈಗೆ ಸರಿಹೋದರೆ ಕುತ್ತಿಗೆಗೆ ಸರಿಹೋಗುವುದಿಲ್ಲ, ಕುತ್ತಿಗೆಗೆ ಸರಿಹೋದರೆ ಕೈಗೆ ಸರಿಹೋಗುವುದಿಲ್ಲ. ಐದು ಕಿಲೋ ತೂಗುವ ತಲೆಯನ್ನು ಎಂಟು ತಾಸು ಮುಂದಕ್ಕೆ ಬಾಗಿಸಿ ಹಿಡಿಯುವ ಹೊರೆ ಹಿಂಗತ್ತಿನ ಸ್ನಾಯುಗಳ ಮೇಲೆ ಬೀಳುತ್ತದೆ. ಐವರಿಗೂ ಬೇರೆ ಕೀಲಿಮಣೆ ಮತ್ತು ಮೌಸ್ ಕೊಡಿಸಿ, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವಂತೆ ಲ್ಯಾಪ್‌ಟಾಪಿನ ಅಡಿಗೆ ಹಳೆಯ ಖಾತೆ ಪುಸ್ತಕಗಳನ್ನು ಪೇರಿಸಿದೆವು. ಕಿಟಕಿಯ ಬೆಳಕು ಪರದೆಯ ಹಿಂದಿನಿಂದಾಗಲಿ ಕೂತವರ ಬೆನ್ನ ಹಿಂದಿನಿಂದಾಗಲಿ ಬೀಳದೆ ಪಕ್ಕದಿಂದ ಬರುವಂತೆ ಮೇಜುಗಳನ್ನು ತಿರುಗಿಸಿದೆವು.

ಈ ಮನೆಗಳಲ್ಲಿ ಒಂದು ಆಳಂದ ರಸ್ತೆಯ ಕಡೆಗಿದೆ. ನಾನು ಹೋದಾಗ ಸಂಜೆ ಏಳಾಗಿತ್ತು; ಆಕೆ ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುತ್ತಿದ್ದರು. ನಾಲ್ಕು ರೊಟ್ಟಿ ಬಡಿದು, ಕೈ ನಿಲ್ಲಿಸಿ, ಬಲಗೈಯನ್ನು ಜಾಡಿಸಿ, ಮತ್ತೆ ಬಡಿಯಲು ತೊಡಗಿದರು. ಆ ಜಾಡಿಸುವಿಕೆ ನನಗೆ ಹೊಸದಲ್ಲ. ನನಗೂ ಕೆಲವು ವರ್ಷಗಳ ಹಿಂದೆ ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಮರಗಟ್ಟಿ ಎಚ್ಚರವಾಗುತ್ತಿತ್ತು, ಕೈ ಜಾಡಿಸಿದರೆ ತುಸು ಸಮಾಧಾನ ಸಿಗುತ್ತಿತ್ತು. ಮಣಿಕಟ್ಟಿನ ಇಕ್ಕಟ್ಟಾದ ದಾರಿಯಲ್ಲಿ ಹಾದುಬರುವ ನರ ಒತ್ತಡಕ್ಕೆ ಸಿಕ್ಕಾಗ ಹೀಗಾಗುತ್ತದೆ, ಇದಕ್ಕೆ ಕಾರ್ಪಲ್ ಟನಲ್ ಸಿಂಡ್ರೋಮ್ ಎನ್ನುತ್ತಾರೆ ಎಂದು ವೈದ್ಯರು ತಿಳಿಸಿದ್ದರು. ಬೆಳಿಗ್ಗೆ ಹದಿನೈದು ರೊಟ್ಟಿ ಬಡಿದು, ಹಗಲೆಲ್ಲ ಕೀಲಿಮಣೆ ಒತ್ತಿ, ಸಂಜೆ ಮತ್ತೆ ಹದಿನೈದು ರೊಟ್ಟಿ ಬಡಿಯುವ ಮಣಿಕಟ್ಟಿಗೆ ಇದು ಕಚೇರಿಯ ಕೆಲಸ, ಅದು ಮನೆಯ ಕೆಲಸ ಎಂಬ ಭೇದ ತಿಳಿಯದು. ಎರಡರ ಹೊರೆಯನ್ನೂ ಅದು ಒಂದೇ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ನಮ್ಮಲ್ಲಿ ದುಡಿಯುವ ಹೆಂಗಸರ ಅನುಕೂಲವನ್ನು ಯೋಚಿಸುವಾಗ ಕಚೇರಿಯ ಎಂಟು ತಾಸನ್ನು ಮಾತ್ರ ಎಣಿಸುವುದು ಅನ್ಯಾಯವೆಂದು ನಾನು ದೃಢವಾಗಿ ನಂಬುತ್ತೇನೆ.

ಅಂದಿನಿಂದ ನೋವಿದೆಯೇ ಎಂದು ನಾನು ಯಾರನ್ನೂ ಕೇಳುವುದಿಲ್ಲ. ರೊಟ್ಟಿ ಬಡಿಯುವಾಗ ಕೈ ಸೋಲುತ್ತದೆಯೇ, ಬಟ್ಟೆ ಹಿಂಡಲು ಬರುತ್ತದೆಯೇ, ರಾತ್ರಿ ಬೆರಳು ಮರಗಟ್ಟಿ ಎಚ್ಚರವಾಗುತ್ತದೆಯೇ, ಬೈಕ್ ಓಡಿಸುವಾಗ ಹಿಂದೆ ತಿರುಗಿ ನೋಡಲು ಕತ್ತು ಹೊರಳುತ್ತದೆಯೇ ಎಂದು ಕೇಳುತ್ತೇನೆ. ಇವುಗಳಿಗೆ ಜನ ನಿಜ ಹೇಳುತ್ತಾರೆ. ಬೆರಳು ಮರಗಟ್ಟುತ್ತದೆ ಎಂದವರನ್ನು ಮುಂದೂಡದೆ ವೈದ್ಯರ ಬಳಿ ಕಳಿಸುತ್ತೇವೆ. ಆ ದಿನದ ಸಂಬಳ ಕಡಿತವಾಗುವುದಿಲ್ಲವೆಂದು ಮಾಲೀಕರಿಂದ ಬರೆಸಿಕೊಂಡಿದ್ದೇನೆ.

ಸಮಯದ ವಿಷಯದಲ್ಲಿ ನಾವಿನ್ನೂ ಪೂರ್ತಿ ಗೆದ್ದಿಲ್ಲ. ತಿಂಗಳ 11ಕ್ಕೆ ಒಂದು ರಿಟರ್ನ್, 20ಕ್ಕೆ ಇನ್ನೊಂದು. ಆ ನಡುವಿನ ದಿನಗಳಲ್ಲಿ ಎದ್ದು ನಡೆದಾಡಿರಿ ಎಂದರೆ ಯಾರ ಕಿವಿಗೂ ಬೀಳುವುದಿಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಬೇಕೆಂದು ಕಣ್ಣಿನ ವೈದ್ಯರು ಹೇಳುವ ಸೂತ್ರವನ್ನು ಗೋಡೆಗೆ ಅಂಟಿಸಿದ್ದೇವೆ, 19ನೆಯ ತಾರೀಖಿನಂದು ಅದನ್ನು ಓದುವವರೇ ಇರುವುದಿಲ್ಲ. ಈ ವರ್ಷ ವ್ಯಾಪಾರಿಗಳಿಂದ ಬಿಲ್ಲುಗಳನ್ನು ವಾರಕ್ಕೊಮ್ಮೆ ತರಿಸಿಕೊಳ್ಳುವ ಪದ್ಧತಿ ತಂದೆವು. ಅದರಿಂದ ಕೊನೆಯ ಮೂರು ದಿನಗಳ ನೂಕುನುಗ್ಗಲು ತುಸು ಇಳಿದಿದೆ. ಕುರ್ಚಿಗಳಿಗಿಂತ ಇದೇ ಹೆಚ್ಚು ಉಪಕಾರ ಮಾಡಿದೆಯೆಂದು ನನ್ನ ಅನಿಸಿಕೆ.

ಕೊನೆಗೆ ಉಳಿದದ್ದು ಶಹಾಬಾದಿನ ಮನೆ. ಅಲ್ಲಿ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಮಂಚದ ಮೇಲೆ ಕುಳಿತೇ ಕೆಲಸ ಮಾಡುತ್ತಿದ್ದರು, ಏಕೆಂದರೆ ಮನೆಗಿದ್ದ ಒಂದೇ ಫ್ಯಾನು ಮಂಚದ ಮೇಲಿತ್ತು. ಕಲ್ಲುಹಾಸಿನ ಹಳೆಯ ಮಾಳಿಗೆಯಾದ್ದರಿಂದ ಇನ್ನೊಂದು ಕೊಕ್ಕೆ ಹೊಡೆಯಲು ಸಾಧ್ಯವಿರಲಿಲ್ಲ. ಹೋದ ವಾರ ಮೇಜಿನ ಎದುರಿನ ಗೋಡೆಗೆ ಒಂದು ಫ್ಯಾನು ಹಾಕಿಸಿದೆವು. ಬಿಲ್ಲು ಕೈಗೆ ಬಂದಾಗ ಅದನ್ನು ಯಾವ ಖಾತೆಗೆ ಹಾಕಬೇಕೆಂದು ನಮ್ಮ ಲೆಕ್ಕಿಗರು ಕೇಳಿದರು. ಕಚೇರಿಯ ಉಪಕರಣ ಎಂದು ಬರೆಯಿರಿ ಎಂದು ಹೇಳಿದೆ.