ಆಟೀನ್ ಇತ್ತು ನನ್ನ ಹತ್ರ

ಬುಧವಾರ ಸಂಜೆಯಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. “ತಡೀರಿ, ಎಲೆ ಒಳಗಿಡಬೇಡಿ. ಆಟೀನ್ ಇತ್ತು ನನ್ನ ಹತ್ರ.”

ಹೇಳಿದವರು ನಮ್ಮ ಬ್ರಿಜ್ ಕ್ಲಬ್ಬಿಗೆ ಬರುವ ನಿವೃತ್ತ ಟೀಚರ್, ಅವತ್ತು ನಮ್ಮ ಎದುರಾಳಿ. ಬ್ರಿಜ್ ಅಂದರೆ ಇಬ್ಬಿಬ್ಬರು ಜೋಡಿಯಾಗಿ ಆಡುವ ಎಲೆಯಾಟ. ಸ್ಪೇಡ್ ತುರುಫಿನಲ್ಲಿ (ಉಳಿದ ಜಾತಿಯ ಎಲೆಗಳನ್ನು ಹೊಡೆಯುವ ಜಾತಿ) ನಾನು ನಾಲ್ಕರ ಕಾಂಟ್ರಾಕ್ಟ್ ಆಡುತ್ತಿದ್ದೆ, ಅಂದರೆ ಆರರ ಮೇಲೆ ನಾಲ್ಕು ಟ್ರಿಕ್ (ಸುತ್ತು) ಗೆಲ್ಲುತ್ತೇವೆ ಅನ್ನುವ ಮಾತು. 13ರಲ್ಲಿ 10 ಟ್ರಿಕ್ ಬೇಕಿತ್ತು, 9 ಬಂತು. ಅವರಿಗೆ 50 ಅಂಕ. ನಡುವೆ ನನ್ನ ಆಟೀನ್ (ಹಾರ್ಟ್ಸ್) ರಾಜನನ್ನು ಅವರು ಸಣ್ಣ ತುರುಫಿನಿಂದ ಹೊಡೆದಿದ್ದರು. ಕೈಯಲ್ಲಿ ಆಟೀನ್ ಇದ್ದರೆ ಆಟೀನೇ ಹಾಕಬೇಕು, ಇಲ್ಲದಿದ್ದರೆ ಮಾತ್ರ ಹಾಗೆ ಹೊಡೆಯಬಹುದು. ಡೈಮಂಡ್ ಎಲೆಗಳ ಮಧ್ಯೆ ಒಂದು ಆಟೀನ್ ಸೇರಿಕೊಂಡಿತ್ತಂತೆ. ಕೊನೆಯಲ್ಲಿ ಅದು ಬಿದ್ದದ್ದು ಯಾರ ಗಮನಕ್ಕೂ ಬಂದಿರಲಿಲ್ಲ. ಎಲೆಗಳು ಬೋರ್ಡಿನೊಳಗೆ (ಎಲೆ ಇಡುವ ಚಪ್ಪಟೆ ಪೆಟ್ಟಿಗೆ) ಹೋಗಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಅವರೇ ಡೈರೆಕ್ಟರನ್ನು, ಅಂದರೆ ಆಟದ ತೀರ್ಪುಗಾರರನ್ನು, ಕರೆದರು. ತಪ್ಪಿ ಹೊಡೆದ ಟ್ರಿಕ್ಕು, ಆಮೇಲೆ ಅವರ ಕಡೆ ಗೆದ್ದ ಇನ್ನೊಂದು, ಎರಡೂ ನಮಗೆ ಬಂದವು. 50 ಕಳೆದುಕೊಂಡಿದ್ದ ನಮಗೆ 450 ಅಂಕ!

“ಯಾರೂ ಕೇಳಿರಲಿಲ್ಲವಲ್ಲ ಮೇಡಂ” ಎಂದರು ಅವರ ಪಾರ್ಟ್ನರ್. ಚೆನ್ನಾಗಿ ಆಡುವ ಮನುಷ್ಯ, ಹೋದ ಎಲೆಗಳ ಲೆಕ್ಕ ಪಕ್ಕಾ ಇಡುತ್ತಾರೆ. ಆದರೂ ಆ ಮಾತು ನನಗೆ ಹಿಡಿಸಲಿಲ್ಲ. ನಿಯಮವೇನೋ ಅವರ ಪರವಾಗಿಯೇ ಇದೆ. ಆಟ ಮುಂದೆ ಹೋದ ಮೇಲೆ ನಮ್ಮ ತಪ್ಪನ್ನು ನಾವೇ ಎತ್ತಿ ತೋರಿಸಬೇಕು ಅಂತೇನಿಲ್ಲ.

ಮೇಡಂ ಸುಮ್ನೆ ಹೇಳಿದರು: “ಪಕ್ಕದ ಟೇಬಲ್‌ನವರೂ ಇದೇ ಎಲೆ ಆಡ್ತಾರಲ್ರೀ.”

ಇದೇ ನನ್ನನ್ನು ಬಿಡದೆ ಕಾಡುತ್ತಿರುವುದು. ಡುಪ್ಲಿಕೇಟ್ ಬ್ರಿಜ್‌ನಲ್ಲಿ ಹಂಚಿದ 52 ಎಲೆಗಳು ಹಾಗೇ ಬೋರ್ಡಿನಲ್ಲಿ ಕೂತು ಟೇಬಲ್‌ನಿಂದ ಟೇಬಲ್‌ಗೆ ಹೋಗುತ್ತವೆ. ಒಳ್ಳೆ ಎಲೆ ಬಂದವರು ಗೆದ್ದರು ಅನ್ನುವ ಮಾತೇ ಇಲ್ಲ. ಅದೇ ಎಲೆಗಳಲ್ಲಿ, ಅದೇ ದಿಕ್ಕಿನಲ್ಲಿ ಕೂತ ಉಳಿದ ಜೋಡಿಗಳಿಗಿಂತ ನೀವು ಎಷ್ಟು ಚೆನ್ನಾಗಿ ಆಡಿದಿರಿ ಅನ್ನುವುದೇ ಲೆಕ್ಕ. ಹಾಗಾಗಿ ನಮ್ಮ ಟೇಬಲ್‌ನಲ್ಲಿ ತಪ್ಪು ಅಂಕ ಬರೆದರೆ ಇಡೀ ಹಾಲ್‌ನ ಲೆಕ್ಕ ಕೆಡುತ್ತದೆ. ಮೇಡಂ ನಮಗೆ ಉಪಕಾರ ಮಾಡಲು ಹೋಗಲಿಲ್ಲ. ಮೋಸದ ಅಂಕ ಅವರಿಗೆ ಬೇಡವಾಗಿತ್ತು, ಅಷ್ಟೇ. ಇದಕ್ಕಿಂತ ದೊಡ್ಡ ಗೆಲ್ಲುವ ಆಸೆ ನಾನು ನೋಡಿಲ್ಲ.

ನಮ್ಮಲ್ಲಿ ಇಸ್ಪೀಟ್ ಅಂದ ಕೂಡಲೇ ಅಂದರ್ ಬಾಹರ್, ಪೊಲೀಸ್ ದಾಳಿ ನೆನಪಾಗುತ್ತವೆ. ಕುಟುಂಬಗಳು ಹಾಳಾಗಿದ್ದೂ ನಿಜ, ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿದೆ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನ ಬ್ರಿಜ್‌ನಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬ್‌ನಾಥ್ ಸರ್ಕಾರ್ ಭಾರತಕ್ಕೆ ಚಿನ್ನ ತಂದರು. ಆಗ ಬರ್ಧನ್ ಅವರಿಗೆ 60 ವರ್ಷ. ಆ ವಯಸ್ಸಿನಲ್ಲಿ ದೇಶಕ್ಕೆ ಚಿನ್ನ ಗೆಲ್ಲಬಹುದಾದ ಆಟ ಬೇರೆ ಎಷ್ಟಿವೆ?

“ದುಡ್ಡಿಲ್ಲದ ಆಟಕ್ಕೆ ಯಾಕೋ ಅಷ್ಟು ತಲೆ ಕೆಡಿಸಿಕೊಳ್ತೀಯಾ?” ಅಂತ ಅಮ್ಮ ಕೇಳುತ್ತಲೇ ಇರುತ್ತಾರೆ. ಈ ಸಲ ಮೇಡಂ ಕಥೆ ಪೂರ್ತಿ ಹೇಳಿದೆ. ಅಮ್ಮ ಕೇಳಿಸಿಕೊಂಡು, “ಆ ಟೀಚರ್‌ನ ಒಂದಿನ ಮನೆಗೆ ಕರಿ” ಅಂದರು. ಕರೆಯುತ್ತೇನೆ. ಅದಕ್ಕೆ ಮುಂಚೆ ಬರುವ ಬುಧವಾರ ಅವರ ಎದುರು ಕೂತು, ಅವರೇ ಒಪ್ಪುವ ಹಾಗೆ ಗೆಲ್ಲಬೇಕು.